‘ಏಳ್ರಿ’ ಅನ್ನದ ಕಾಫಿ ಹೌಸ್

ಗೋಕಾಕ, ಮೂಡಲಗಿ, ಹುಕ್ಕೇರಿ. ಈ ಮೂರು ತಾಲೂಕಿನ ಸುದ್ದಿ ಬರೆಯುವುದು ನನ್ನ ಕೆಲಸ. ಪತ್ರಿಕೋದ್ಯಮ ಡಿಪ್ಲೊಮಾ ಓದುವಾಗ ಸುದ್ದಿಯ ಮೂಲಗಳು ಅಂದರೆ ತಹಸೀಲ್ದಾರ್ ಕಚೇರಿ, ಪೊಲೀಸ್ ಠಾಣೆ, ತಾಲೂಕು ಪಂಚಾಯ್ತಿ ಸಭೆ ಅಂತ ನೋಟ್ಸ್ ಬರೆದುಕೊಂಡಿದ್ದೆ. ಬೈಕ್ ಹತ್ತಿ ತಿರುಗಾಡಲು ಶುರು ಮಾಡಿದ ಮೇಲೆ ಆ ಪಟ್ಟಿಯ ಮೊದಲಿಗೆ ಚಹಾದಂಗಡಿ ಇರಬೇಕಿತ್ತು ಅನ್ನೋದು ತಿಳಿಯಿತು. ಕಾಲುವೆಗೆ ನೀರು ಬಂದದ್ದು, ಕಬ್ಬಿನ ಬಿಲ್ ಬಾರದೇ ಇದ್ದದ್ದು, ಸಾಲಿ ಮಾಸ್ತರ ವರ್ಗವಾದದ್ದು, ಟಿ.ಸಿ. ಸುಟ್ಟು ಮೂರು ದಿನ ಕರೆಂಟ್ ಇಲ್ಲದ್ದು, ಎಲ್ಲವೂ ಮೊದಲು ಬೆಂಚಿನ ಮೇಲೆ ಬರುತ್ತವೆ. ಕಚೇರಿಗೆ ಹೋಗುವುದು ಆಮೇಲೆ.

ಆ ಬೆಂಚುಗಳು ಈಗ ಕಡಿಮೆ ಆಗುತ್ತಿವೆ. ರಸ್ತೆ ಅಗಲವಾಗುವಾಗ ಅಂಗಡಿ ಮುಂದಿನ ಕಟ್ಟೆ ಹೋಯಿತು. ಹೊಸದಾಗಿ ಬಂದ ಚಹಾ ಅಂಗಡಿಗಳಲ್ಲಿ ಬರೀ ಕೌಂಟರ್. ಬೋರ್ಡಿಗೆ ಬಣ್ಣ ಬಣ್ಣದ ಲೈಟು, ಗೋಡೆಗೆ ಕ್ಯೂಆರ್ ಕೋಡು. ನಿಂತು ಕುಡಿ, ಸ್ಕ್ಯಾನ್ ಮಾಡು, ನಡಿ. ಮೊದಲು ದಿನಕ್ಕೆ ಎರಡು ಪೇಪರ್ ತರಿಸುತ್ತಿದ್ದ ಅಂಗಡಿಯವರಲ್ಲಿ ಬಹಳ ಮಂದಿ ಒಂದನ್ನೂ ತರಿಸುತ್ತಿಲ್ಲ.

ಮೂಡಲಗಿಯ ಒಬ್ಬ ಅಂಗಡಿಯವರನ್ನು ಈ ಬಗ್ಗೆ ಕೇಳಿದೆ. ಚಹಾ ಸೋಸುತ್ತಲೇ ಲೆಕ್ಕ ಹೇಳಿದರು.

“ಅಣ್ಣಾರ, ಕುಂತ್ರ ಯಾಪಾರ ನಿಂದರತೈತ್ರಿ. ಒಂದ ಚಾ ಕುಡದ ಎರಡ ತಾಸ ಕುಂತ್ರ ನನ್ನ ಹೊಟ್ಟಿ ತುಂಬೂದ ಹೆಂಗ? ಭಾಡಿಗಿ ಯಾರ ಕೊಡ್ತಾರ, ಗ್ಯಾಸ್ ಯಾರ ತುಂಬತಾರ?”

ಅವರ ಮಾತು ಸುಳ್ಳಲ್ಲ. ಮನುಷ್ಯ ಎರಡು ತಾಸು ಕುಳಿತರೆ ಆ ಜಾಗದ ಬಾಡಿಗೆಯನ್ನು ಯಾರೋ ಒಬ್ಬರು ಹೊರಲೇಬೇಕು. ಯಾರು? ಈ ಪ್ರಶ್ನೆ ತಲೆಯಲ್ಲಿ ಕೂತದ್ದರಿಂದಲೇ, ಕೆಲಸದ ಮೇಲೆ ಬೆಂಗಳೂರಿಗೆ ಹೋದಾಗ ಒಂದು ಬೆಳಿಗ್ಗೆಯನ್ನು ಚರ್ಚ್ ಸ್ಟ್ರೀಟಿನ ಇಂಡಿಯನ್ ಕಾಫಿ ಹೌಸ್‌ಗೆ ಎತ್ತಿಟ್ಟೆ. ಒಂದು ಕಾಫಿ ತೊಗೊಂಡು ಎಷ್ಟು ಹೊತ್ತು ಕುಳಿತರೂ ಅಲ್ಲಿ ಯಾರೂ ಏಳು ಅನ್ನುವುದಿಲ್ಲ ಅಂತ ಕೇಳಿದ್ದೆ.

ಘಟಪ್ರಭಾ ಸ್ಟೇಷನ್ನಿನಲ್ಲಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಾಗುವಷ್ಟರಲ್ಲಿ ಬೆಂಗಳೂರು. ಮೆಜೆಸ್ಟಿಕ್‌ನಿಂದ ಮೆಟ್ರೊ ಹಿಡಿದು ಎಂ.ಜಿ. ರೋಡಿನಲ್ಲಿ ಇಳಿದರೆ ಹಿಂದಿನ ಬೀದಿಯೇ ಚರ್ಚ್ ಸ್ಟ್ರೀಟ್. ಆ ಬೀದಿಯ ಹೊಳೆಯುವ ಅಂಗಡಿಗಳ ನಡುವೆ ಕಾಫಿ ಹೌಸ್ ಹುಡುಕಬೇಕಾಗುತ್ತದೆ. ಒಳಗೆ ಹೋದರೆ ಅಂಥ ಥಳಕು ಏನೂ ಇಲ್ಲ. ಸಾದಾ ಮೇಜು, ಸಾದಾ ಕುರ್ಚಿ, ಗೋಡೆಗೆ ಕಾಫಿ ಮಂಡಳಿ ಕಾಲದ ಹಳೆಯ ಜಾಹೀರಾತು ಚಿತ್ರಗಳು. ಬಡಿಸುವವರು ಬಿಳಿ ಉಡುಪು ತೊಟ್ಟು, ಸೊಂಟಕ್ಕೆ ಅಗಲ ಪಟ್ಟಿ ಕಟ್ಟಿ, ತಲೆಗೆ ಬೀಸಣಿಗೆಯಂಥ ತುರಾಯಿ ಇರುವ ಪೇಟ ಸುತ್ತಿರುತ್ತಾರೆ. ನಮ್ಮ ಕಡೆ ಮದುವೆಯಲ್ಲಿ ಮಾತ್ರ ಅಂಥ ಪೇಟ ಕಾಣುತ್ತದೆ.

ಕಾಫಿ ಹೇಳಿದೆ, ಜೊತೆಗೊಂದು ಕಟ್ಲೆಟ್. ಕಾಫಿಯ ಬೆಲೆ ನಮ್ಮೂರ ಚಹಾಕ್ಕಿಂತ ಜಾಸ್ತಿ, ಅದೇ ಬೀದಿಯ ಎಸಿ ಕೆಫೆಗಳಿಗಿಂತ ಬಹಳ ಕಡಿಮೆ. ರುಚಿಯ ವಿಷಯದಲ್ಲಿ ನಾನು ತೀರ್ಪು ಕೊಡಲಾರೆ. ಬೆಲ್ಲ ಹಾಕಿದ ಕಡಕ್ ಚಹಾ ಕುಡಿದು ಬೆಳೆದ ನಾಲಿಗೆ ನನ್ನದು. ನಾನು ಹೋಗಿದ್ದು ಸುತ್ತಲಿನ ಮೇಜುಗಳನ್ನು ನೋಡಲು.

ಪಕ್ಕದ ಮೇಜಿನಲ್ಲಿ ವಯಸ್ಸಾದ ನಾಲ್ವರು ಒಂದೇ ಪೇಪರಿನ ಹಾಳೆಗಳನ್ನು ಹಂಚಿಕೊಂಡು ಓದುತ್ತಿದ್ದರು. ಒಬ್ಬರು ಓದಿದ್ದನ್ನು ಇನ್ನೊಬ್ಬರು ಒಪ್ಪುತ್ತಿರಲಿಲ್ಲ. ಆಚೆ ಒಬ್ಬ ಹುಡುಗಿ ಒಬ್ಬಳೇ ಕುಳಿತು ಏನೋ ಬರೆಯುತ್ತಿದ್ದಳು. ಅವಳ ಕಪ್ ಖಾಲಿಯಾಗಿ ಬಹಳ ಹೊತ್ತಾಗಿತ್ತು. ಬಡಿಸುವವರು ಎರಡು ಸಲ ಅವಳ ಮೇಜಿನ ಪಕ್ಕದಲ್ಲೇ ಹಾದುಹೋದರು, ಬಿಲ್ ಇಡಲಿಲ್ಲ. ನಾನೂ ಒಂದೂವರೆ ತಾಸು ಕುಳಿತೆ. ಕಡೆಗೆ ನನಗೇ ಸಂಕೋಚವಾಗಿ “ಇನ್ನೊಂದು ಕಾಫಿ ತರಲಾ ಅಂತ ಕೇಳ್ಲೇ ಇಲ್ವಲ್ಲ ನೀವು?” ಅಂದೆ.

“ಬೇಕಾದ್ರೆ ನೀವೇ ಕರೀತೀರಲ್ಲ ಸಾರ್,” ಅಂದರು.

ಒಂದು ಕಪ್ಪಿನ ದುಡ್ಡಿಗೆ ಬೇಕಾದಷ್ಟು ಹೊತ್ತು ಕೂಡುವ ಈ ಪದ್ಧತಿಗೆ ಜಗತ್ತಿನಲ್ಲಿ ದೊಡ್ಡ ಹೆಸರು ತಂದುಕೊಟ್ಟದ್ದು ಯುರೋಪಿನ ಆಸ್ಟ್ರಿಯಾ ದೇಶದ ರಾಜಧಾನಿ ವಿಯೆನ್ನಾ. ಅಲ್ಲಿ ಮೊದಲ ಕಾಫಿ ಮನೆಗೆ ಪರವಾನಗಿ ಸಿಕ್ಕಿದ್ದು 1685ರಲ್ಲಿ, ಜೊಹಾನೆಸ್ ಡಿಯೊಡಾಟೊ ಎಂಬ ಅರ್ಮೇನಿಯಾ ಮೂಲದ ವ್ಯಾಪಾರಿಗೆ. ಅದಕ್ಕೆ ಎರಡು ವರ್ಷ ಮೊದಲಷ್ಟೇ ತುರ್ಕರ ಸೈನ್ಯ ಆ ಊರಿಗೆ ಮುತ್ತಿಗೆ ಹಾಕಿ ಸೋತು ಹಿಂದೆ ಸರಿದಿತ್ತು. ಮುಂದೆ ಆ ಊರಿನ ತುಂಬ ಕಾಫಿ ಮನೆಗಳಾದವು. ಅಮೃತಶಿಲೆಯ ಮೇಜು, ಬಾಗಿಸಿದ ಕಟ್ಟಿಗೆಯ ಕುರ್ಚಿ, ಬೆಳ್ಳಿ ಬಣ್ಣದ ತಟ್ಟೆಯಲ್ಲಿ ಕಾಫಿ, ಪಕ್ಕಕ್ಕೆ ಒಂದು ಗ್ಲಾಸ್ ನೀರು. ಪೇಪರುಗಳನ್ನು ಕಟ್ಟಿಗೆಯ ಹಿಡಿಕೆಗೆ ಸಿಕ್ಕಿಸಿ ನೇತು ಹಾಕಿರುತ್ತಾರೆ. ಯಾರು ಬೇಕಾದರೂ ತೊಗೊಂಡು ಓದಬಹುದು.

1876ರಲ್ಲಿ ಶುರುವಾದ ಕೆಫೆ ಸೆಂಟ್ರಲ್ ಎಂಬಲ್ಲಿ ಪೀಟರ್ ಆಲ್ಟೆನ್‌ಬರ್ಗ್ ಎಂಬ ಲೇಖಕ ಎಷ್ಟು ಹೊತ್ತು ಕೂಡುತ್ತಿದ್ದ ಅಂದರೆ, ತನ್ನ ಅಂಚೆ ವಿಳಾಸವನ್ನೇ ಕೆಫೆ ಸೆಂಟ್ರಲ್ ಅಂತ ಕೊಟ್ಟಿದ್ದ. ಮುಂದೆ ರಷ್ಯಾ ಕ್ರಾಂತಿಯ ಮುಂದಾಳಾದ ಟ್ರಾಟ್ಸ್ಕಿ, ವಿಯೆನ್ನಾದಲ್ಲಿ ದೇಶಭ್ರಷ್ಟನಾಗಿದ್ದ ದಿನಗಳಲ್ಲಿ, ಅಲ್ಲೇ ಕುಳಿತು ಚದುರಂಗ ಆಡುತ್ತಿದ್ದ. ಆಲ್ಟೆನ್‌ಬರ್ಗ್‌ನ ವಿಷಯ ಓದಿದಾಗ ನನಗೆ ನೆನಪಾದದ್ದು ನಮ್ಮ ‘ಕೇರಾಫ್’. ಊರೂರು ತಿರುಗುವ ಎಷ್ಟೋ ಮಂದಿಗೆ ಬಸ್‌ಸ್ಟ್ಯಾಂಡಿನ ಹೋಟೆಲ್ಲೇ ಕೇರಾಫ್ ಆಗಿತ್ತು. ಮನೆಗೆ ಫೋನ್ ಇಲ್ಲದ ಕಾಲದಲ್ಲಿ ಲಗ್ನಪತ್ರಿಕೆಯ ಕೆಳಗೆ ಹೋಟೆಲ್ಲಿನ ಪಿ.ಪಿ. ನಂಬರ್ ಅಚ್ಚಾಗುತ್ತಿತ್ತು. ಒಬ್ಬ ಹುಡುಗ ಓಡಿ ಬಂದು “ನಿಮಗ ಫೋನ್ ಬಂದೈತ್ರಿ” ಅನ್ನುತ್ತಿದ್ದ.

ಲೇಖಕರು ಸೇರುವ ಜಾಗ ನಮ್ಮ ಕಡೆಯೂ ಇತ್ತು. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಕಟ್ಟಿದ ಮನೋಹರ ಗ್ರಂಥಮಾಲೆಯ ‘ಅಟ್ಟ’ ಅಂಥ ಜಾಗ. ಕೀರ್ತಿನಾಥ ಕುರ್ತಕೋಟಿ, ಗಿರೀಶ ಕಾರ್ನಾಡರಂಥವರು ಅಲ್ಲಿ ಕೂಡಿ ಮಾತಾಡಿದ್ದು ಕನ್ನಡಕ್ಕೆ ಎಷ್ಟು ಪುಸ್ತಕ ಕೊಟ್ಟಿತು ಅನ್ನೋದು ಓದುವವರಿಗೆಲ್ಲ ಗೊತ್ತು.

ಆದರೆ ಮೂಡಲಗಿ ಅಂಗಡಿಯವರ ಪ್ರಶ್ನೆ ವಿಯೆನ್ನಾಕ್ಕೂ ಬಿಡಲಿಲ್ಲ. ಅಲ್ಲಿ ಕೂಡುವ ಜಾಗದ ಬಾಡಿಗೆ ಕಾಫಿಯ ಬೆಲೆಯೊಳಗೇ ಸೇರಿತ್ತು. ಅದನ್ನು ಕೊಡುವ ಗಿರಾಕಿ ಇರುವವರೆಗೆ ಮಾತ್ರ ನಡೆಯಿತು. 1938ರಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ. ಆ ಮೇಜುಗಳ ಸುತ್ತ ಕೂಡುತ್ತಿದ್ದ ಲೇಖಕರು, ವಕೀಲರು, ಪತ್ರಕರ್ತರಲ್ಲಿ ಬಹಳ ಮಂದಿ ಯಹೂದಿಗಳು. ಕೆಲವರು ದೇಶ ಬಿಟ್ಟು ಓಡಿದರು, ಕೆಲವರು ಕೊಲೆಯಾದರು. ಯುದ್ಧ ಮುಗಿದ ಮೇಲೆ, 1950ರ ದಶಕದಲ್ಲಿ, ನಿಂತು ಕುಡಿದು ಹೋಗುವ ಎಸ್‌ಪ್ರೆಸೊ ಅಂಗಡಿಗಳು ಬಂದವು, ಮನೆಗೆ ಟಿ.ವಿ. ಬಂತು. ಹಳೆಯ ಕಾಫಿ ಮನೆಗಳು ಒಂದೊಂದಾಗಿ ಮುಚ್ಚಿದವು. ಕೌಂಟರ್ ಮುಂದೆ ನಿಂತು ಕುಡಿಯುವ ಚಾಳಿ ನಮ್ಮ ಬಸ್‌ಸ್ಟ್ಯಾಂಡಿಗೆ ಬರುವ ಎಷ್ಟೋ ವರ್ಷ ಮೊದಲೇ ಅಲ್ಲಿ ಇದೇ ಕೆಲಸ ಮಾಡಿತ್ತು.

ಮುಚ್ಚಿದ್ದ ಕೆಫೆ ಸೆಂಟ್ರಲ್ 1975ರಲ್ಲಿ ಮತ್ತೆ ತೆರೆಯಿತು. 2011ರಲ್ಲಿ ಆಸ್ಟ್ರಿಯಾ ತನ್ನ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ವಿಯೆನ್ನಾದ ಕಾಫಿ ಮನೆ ಪದ್ಧತಿಯನ್ನು ಸೇರಿಸಿತು. ಈಗ ಕೆಫೆ ಸೆಂಟ್ರಲ್ ಬಾಗಿಲಲ್ಲಿ ಪ್ರವಾಸಿಗರ ಪಾಳಿ ಹಚ್ಚಿರುತ್ತದೆ. ಒಳಗೆ ಹೋಗುತ್ತಲೇ ಆಲ್ಟೆನ್‌ಬರ್ಗ್‌ನ ಗೊಂಬೆ ಕುರ್ಚಿಯಲ್ಲಿ ಕುಳಿತಿದೆ. ಹೊರಗೆ ಪಾಳಿ ಕಾಯುವಾಗ ಒಳಗೆ ದಿನವಿಡೀ ಕೂಡಲು ಯಾರಿಗೆ ಮನಸ್ಸು ಬಂದೀತು?

ನಮ್ಮ ದೇಶದ ಕಾಫಿ ಹೌಸಿನ ಕತೆ ಬೇರೆ. ಅದು ಶುರುವಾದದ್ದು ಸಾಹಿತಿಗಳಿಗಾಗಿ ಅಲ್ಲ, ಬೆಳೆಗಾರರಿಗಾಗಿ. ಕಬ್ಬು ಬೆಳೆಯುವ ನಮಗೆ ಇದು ಬೇಗ ಅರ್ಥವಾಗುತ್ತದೆ. 1930ರ ದಶಕದಲ್ಲಿ ಜಗತ್ತಿನ ಮಾರುಕಟ್ಟೆ ಬಿದ್ದು ಕಾಫಿಗೆ ದರ ಇಲ್ಲದಾಯಿತು. ಬಾಬಾ ಬುಡನ್ ಯೆಮನ್ನಿನಿಂದ ಏಳು ಬೀಜ ತಂದು ಬಿತ್ತಿದರು ಅಂತ ಕತೆ ಇರುವ ಚಿಕ್ಕಮಗಳೂರಿನ ಬೆಟ್ಟಗಳಲ್ಲಿ, ಕೊಡಗಿನಲ್ಲಿ, ಬೆಳೆ ಇತ್ತು, ಕೊಳ್ಳುವವರಿರಲಿಲ್ಲ. ಹೊರದೇಶದವರು ಕೊಳ್ಳದಿದ್ದರೆ ನಮ್ಮವರಿಗೇ ಕುಡಿಯಲು ಕಲಿಸೋಣ ಅಂತ 1935ರಲ್ಲಿ ಕಾಫಿ ಸೆಸ್ ಸಮಿತಿ ಹುಟ್ಟಿತು. 1936ರಲ್ಲಿ ಮುಂಬೈನ ಚರ್ಚ್‌ಗೇಟಿನಲ್ಲಿ ಮೊದಲ ‘ಇಂಡಿಯಾ ಕಾಫಿ ಹೌಸ್’ ತೆರೆಯಿತು. ಮುಂದೆ ಕಾಫಿ ಮಂಡಳಿ ಬಂತು. ಒಂದಾದ ಮೇಲೊಂದು ಊರಿನಲ್ಲಿ ಕಾಫಿ ಹೌಸ್ ಆದವು. ಕೋಲ್ಕತ್ತದ ಕಾಲೇಜ್ ಸ್ಟ್ರೀಟಿನ ಆಲ್ಬರ್ಟ್ ಹಾಲ್ 1942ರಲ್ಲಿ ಕಾಫಿ ಹೌಸ್ ಆಯಿತು. ಅಂದರೆ ಆಗ ಕೂಡುವ ಜಾಗದ ಬಾಡಿಗೆ ಹೊತ್ತವರು ಬೆಳೆಗಾರರು ಮತ್ತು ಸರಕಾರ.

1950ರ ದಶಕದಲ್ಲಿ ಮಂಡಳಿ ಕೈಬಿಟ್ಟಿತು. ಕಾಫಿ ಹೌಸುಗಳನ್ನು ಮುಚ್ಚುವುದು, ಕೆಲಸಗಾರರನ್ನು ಮನೆಗೆ ಕಳಿಸುವುದು ಅಂತ ನಿರ್ಧಾರವಾಯಿತು. ಆಗ ಬಡಿಸುವವರು, ಅಡುಗೆಯವರು, ಕಪ್ ಬಶಿ ತೊಳೆಯುವವರು ಒಟ್ಟಾದರು. ಕೇರಳದ ಕಮ್ಯುನಿಸ್ಟ್ ಮುಖಂಡ, ಸಂಸದ ಎ.ಕೆ. ಗೋಪಾಲನ್ ಅವರಿಗೆ ಒಂದು ದಾರಿ ತೋರಿಸಿದರು: ನಿಮ್ಮನ್ನು ತೆಗೆದುಹಾಕುವ ಮಂಡಳಿಯ ಹತ್ತಿರ ನೌಕರಿ ಬೇಡುವ ಬದಲು, ಕಾಫಿ ಹೌಸನ್ನೇ ನೀವು ನಡೆಸಿರಿ. 1957ರ ಆಗಸ್ಟ್ 19ರಂದು ಬೆಂಗಳೂರಿನಲ್ಲಿ ಕೆಲಸಗಾರರ ಮೊದಲ ಸಹಕಾರ ಸಂಘ ಶುರುವಾಯಿತು. ಅದೇ ಅಕ್ಟೋಬರ್ 27ರಂದು ದೆಹಲಿಯಲ್ಲಿ ಸಂಘದ ಕೈಕೆಳಗಿನ ಮೊದಲ ಕಾಫಿ ಹೌಸ್ ತೆರೆಯಿತು. ‘ಇಂಡಿಯಾ’ ಹೋಗಿ ‘ಇಂಡಿಯನ್’ ಆದದ್ದು ಆಗ.

ನನ್ನ ಮೇಜಿಗೆ ಕಾಫಿ ತಂದ ಪೇಟದವರು ಆ ಸಂಘದ ಪರಂಪರೆಯವರು. “ಬೇಕಾದ್ರೆ ನೀವೇ ಕರೀತೀರಲ್ಲ” ಅನ್ನುವ ಧೈರ್ಯ ಎಲ್ಲಿಂದ ಬಂತು ಅನ್ನೋದು ಆಗ ಹೊಳೆಯಿತು. ಮೇಜು ಬೇಗ ಖಾಲಿ ಮಾಡಿಸು ಅಂತ ಹಿಂದಿನಿಂದ ಒತ್ತುವ ಧಣಿ ಇಲ್ಲ. ಲಾಭ ಎಳೆದುಕೊಳ್ಳುವ ಇನ್ನೊಬ್ಬ ಇಲ್ಲದ ಕಡೆ ಗಿರಾಕಿಗೆ ಅರ್ಧ ತಾಸು ಹೆಚ್ಚು ಸಿಗುತ್ತದೆ.

ಹುಕ್ಕೇರಿಯವರಿಗೆ ಇದು ಹೊಸ ಪಾಠ ಅಲ್ಲ. 1969ರಲ್ಲಿ ಶುರುವಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಇವತ್ತಿಗೂ ಮನೆಮನೆಗೆ ಕರೆಂಟ್ ಕೊಡುತ್ತಿದೆ. ಸಂಕೇಶ್ವರದ ಹಿರಣ್ಯಕೇಶಿ ಸಕ್ಕರೆ ಕಾರ್ಖಾನೆ ಸಹಕಾರಿ. ಸಹಕಾರ ಸಂಘದ ಚುನಾವಣೆ ಬಂದರೆ ನಮ್ಮಲ್ಲಿ ವಿಧಾನಸಭೆ ಚುನಾವಣೆಗಿಂತ ಜೋರು. ಕರೆಂಟಿಗೆ, ಕಬ್ಬಿಗೆ, ಹಾಲಿಗೆ ಸಂಘ ಕಟ್ಟಿದ ನಾವು ಕೂಡುವ ಜಾಗಕ್ಕೆ ಕಟ್ಟಿಲ್ಲ, ಅಷ್ಟೇ.

ಆದರೂ ಸಂಘ ಒಂದಿದ್ದರೆ ಸಾಲದು ಅನ್ನುವುದಕ್ಕೂ ಬೆಂಗಳೂರೇ ಸಾಕ್ಷಿ. ಈ ಕಾಫಿ ಹೌಸ್ ಸುಮಾರು ಅರ್ಧ ಶತಮಾನ ಎಂ.ಜಿ. ರೋಡಿನಲ್ಲೇ ಇತ್ತು. ಕಟ್ಟಡ ಸಂಘದ್ದಲ್ಲ. 2009ರ ಏಪ್ರಿಲ್‌ನಲ್ಲಿ ಬಾಗಿಲು ಹಾಕಿ, ಆಮೇಲೆ ಚರ್ಚ್ ಸ್ಟ್ರೀಟಿಗೆ ಬರಬೇಕಾಯಿತು. ಹಳೆಯ ಗಿರಾಕಿಗಳು ಮೇಜು ಹುಡುಕಿಕೊಂಡು ಇಲ್ಲಿಗೆ ಬಂದರು. ಕಾಫಿ ಮಾಡುವ ಕೈ ನಿಮ್ಮದು, ಲೆಕ್ಕದ ಪುಸ್ತಕ ನಿಮ್ಮದು, ಕಾಲಕೆಳಗಿನ ನೆಲ ಇನ್ನೊಬ್ಬರದು ಅಂದರೆ ಒಂದು ದಿನ ಎದ್ದು ಹೋಗಬೇಕಾಗುತ್ತದೆ. ಕಡೆಗೆ ಕೂಡುವ ಹಕ್ಕು ನಿಂತಿರುವುದು ನೆಲದ ಮೇಲೆ.

ಇದಕ್ಕೆಲ್ಲ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ? ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಸುದ್ದಿ ಅದರಲ್ಲೇ ಬರುತ್ತದಲ್ಲ ಅಂತ ಕೇಳುವವರಿದ್ದಾರೆ. ಅವರಿಗೆ ನಾನು ಒಂದು ಮಳೆಗಾಲದ ಸಂಗತಿ ಹೇಳುತ್ತೇನೆ. 2019ರ ಆಗಸ್ಟ್‌ನಲ್ಲಿ ಘಟಪ್ರಭಾ ಉಕ್ಕಿ ಗೋಕಾಕದ ಓಣಿಗಳಿಗೆ ನುಗ್ಗಿದ್ದು, ಲೋಳಸೂರ ಸೇತುವೆ ಮುಳುಗಿದ್ದು ನಮಗೆಲ್ಲ ಗೊತ್ತು. ಅದಾದ ಮೇಲಿಂದ ಮಳೆ ಜೋರಾದರೆ ಸಾಕು, ಹೊಳೆದಂಡೆಯ ಮಂದಿಗೆ ನಿದ್ದೆ ಇಲ್ಲ. ಅಂಥ ಒಂದು ಸಂಜೆ ಹಿಡಕಲ್ ಡ್ಯಾಮಿನ ಗೇಟ್ ಎಲ್ಲ ತೆಗೆದಾರ, ರಾತ್ರಿಗೆ ಊರು ಮುಳುಗತೈತಿ ಅಂತ ಮೊಬೈಲಿನಲ್ಲಿ ಸಂದೇಶ ಹರಿದಾಡಿತು. ಒಂದು ಹಳ್ಳಿಯ ಚಹಾದಂಗಡಿಯಲ್ಲಿದ್ದೆ. ಒಬ್ಬ ಹುಡುಗ ಅದನ್ನು ಗಟ್ಟಿಯಾಗಿ ಓದಿದ. ಮನೆಗೆ ಹೋಗಿ ಗಂಟುಮೂಟೆ ಕಟ್ಟಲು ಇಬ್ಬರು ಎದ್ದೇಬಿಟ್ಟರು.

ಬೆಂಚಿನ ತುದಿಗೆ ನೀರಾವರಿ ಇಲಾಖೆಯಿಂದ ನಿವೃತ್ತರಾದ ಕಾಕಾ ಒಬ್ಬರು ಕುಳಿತಿದ್ದರು. “ತಮ್ಮಾ, ಎಷ್ಟ ಕ್ಯೂಸೆಕ್ಸ್ ಬಿಟ್ಟಾರಂತ ಬರದೈತೇನ?” ಅಂದರು.

“ಇಲ್ರಿ ಕಾಕಾ.”

“ಯಾವತ್ತಿನ ತಾರೀಖ ಐತಿ?”

“ಅದೂ ಇಲ್ರಿ.”

“ಯಾರ ಕಳಿಸ್ಯಾರ?”

“ಫಾರ್ವರ್ಡ್ ಆಗಿ ಬಂದೈತ್ರಿ.”

ಕಾಕಾ ಡ್ಯಾಮಿನ ಕಡೆ ಕೆಲಸದಲ್ಲಿದ್ದ ಪರಿಚಯದವರಿಗೆ ಫೋನ್ ಹಚ್ಚಿ ಸ್ಪೀಕರ್ ಇಟ್ಟರು. ನೀರು ಬಿಟ್ಟಿದ್ದು ಹೌದು, ಮುಳುಗುವಷ್ಟಲ್ಲ ಅಂತ ಆ ಕಡೆಯಿಂದ ಉತ್ತರ ಬಂತು. ಎದ್ದವರು ಮತ್ತೆ ಕುಳಿತರು. ನಾನು ಕೇಳಬೇಕಾದ ಪ್ರಶ್ನೆಗಳನ್ನೇ ಕಾಕಾ ಕೇಳಿದ್ದರು, ನನಗಿಂತ ಬೇಗ. ಆ ಸಂದೇಶ ಮನೆಯೊಳಗೆ ಒಬ್ಬೊಬ್ಬರೇ ಓದಿಕೊಂಡಿದ್ದರೆ ಅದನ್ನು ಕೇಳುವವರು ಯಾರಿದ್ದರು? 2018ರಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರು ಎಂಬ ವಾಟ್ಸ್ಆ್ಯಪ್ ವದಂತಿ ನಂಬಿದ ಗುಂಪು ಹೈದರಾಬಾದಿನಿಂದ ಬಂದಿದ್ದ ಯುವಕನನ್ನು ಹೊಡೆದು ಕೊಂದಿತು. ಸಂದೇಶ ಒಂದು ಸೆಕೆಂಡಿನಲ್ಲಿ ಓಡುತ್ತದೆ. ‘ತಡಿ ತಮ್ಮಾ’ ಅನ್ನಲು ಪಕ್ಕದಲ್ಲಿ ಒಬ್ಬರು ಕುಳಿತಿರಬೇಕು.

ಹಾಗಂತ ಹಳೆಯ ಬೆಂಚನ್ನು ನಾನು ಹಾಡಿ ಹೊಗಳುವುದಿಲ್ಲ. ಆ ಬೆಂಚಿನ ಮೇಲೆ ಎಲ್ಲರಿಗೂ ಜಾಗ ಇರಲಿಲ್ಲ. ದಲಿತರಿಗೆ ಬೇರೆ ಕಪ್ ಇಟ್ಟ ಹೋಟೆಲುಗಳನ್ನು ನಮ್ಮ ಹಿರಿಯರು ಕಂಡಿದ್ದಾರೆ. ಆ ಕಪ್ಪನ್ನು ಅವರೇ ತೊಳೆದು, ಹೊರಗೆ ಕುಳಿತು ಕುಡಿಯಬೇಕಿತ್ತು. ಇವತ್ತಿಗೂ ಅಂಥ ದೂರು ಎಲ್ಲೋ ಒಂದು ಕಡೆ ಕಿವಿಗೆ ಬೀಳುತ್ತದೆ. ಹೆಣ್ಣುಮಕ್ಕಳಂತೂ ಬಸ್ ತಪ್ಪಿ ಮೂರು ತಾಸು ನಿಂತರೂ ಚಹಾದಂಗಡಿಯ ಬೆಂಚಿಗೆ ಬರುವುದಿಲ್ಲ. ವಿಯೆನ್ನಾದ ಕಾಫಿ ಮನೆಗಳೂ ಬಹುಕಾಲ ಗಂಡಸರ ಜಾಗಗಳೇ ಆಗಿದ್ದವು. ಚರ್ಚ್ ಸ್ಟ್ರೀಟಿನಲ್ಲಿ ಒಬ್ಬಳೇ ಕುಳಿತು ಬರೆಯುತ್ತಿದ್ದ ಆ ಹುಡುಗಿ ನನ್ನ ಕಣ್ಣಿಗೆ ಬಿದ್ದದ್ದು ಅದಕ್ಕೇ. ಅವಳನ್ನು ಯಾರೂ ತಿರುಗಿ ನೋಡಲಿಲ್ಲ. ನಮ್ಮ ಮೂರು ತಾಲೂಕಿನಲ್ಲಿ ಅಂಥ ಒಂದು ಮೇಜು ನಾನು ಇನ್ನೂ ಕಂಡಿಲ್ಲ. ಮುಂದೆ ಜಾಗ ಕಟ್ಟುವುದಾದರೆ ಹಳೆಯದರ ನಕಲು ಕಟ್ಟಬಾರದು.

ಗೋಕಾಕ ತಾಲೂಕಿನ ಮಲಾಮರಡಿಯಲ್ಲಿ ಹುಟ್ಟಿದ ಬಸವರಾಜ ಕಟ್ಟೀಮನಿ ಪತ್ರಕರ್ತರೂ ಹೌದು, ಕಾದಂಬರಿಕಾರರೂ ಹೌದು. ದುಡಿಯುವವರ ಬದುಕನ್ನು ಕಾದಂಬರಿಗೆ ತಂದವರು. ಅಂಥ ಬರವಣಿಗೆಗೆ ಮೊದಲು ಬೇಕಾದದ್ದು ಮಂದಿ ಮಾತಾಡುವುದನ್ನು ಕೇಳಲು ಒಂದು ಜಾಗ. ಇವತ್ತು ಬರೆಯಬೇಕೆನ್ನುವ ಹದಿನೆಂಟರ ಹುಡುಗ, ಹುಡುಗಿ ಮೂಡಲಗಿಯಲ್ಲಿ ಎಲ್ಲಿ ಕುಳಿತು ಕೇಳಬೇಕು?

ಬೆಂಗಳೂರಿನಿಂದ ಬಂದ ಮೇಲೆ ಮೂಡಲಗಿಯ ಅಂಗಡಿಯವರಿಗೆ ಕಾಫಿ ಹೌಸಿನ ಕತೆ ಹೇಳಿದೆ. ಸಂಘ, 1957, ಎಂ.ಜಿ. ರೋಡ್, ಎಲ್ಲ ಕೇಳಿಸಿಕೊಂಡರು. “ನೆಲಾ ನಮ್ದ ಇರಬೇಕ್ರಿ ಅಣ್ಣಾರ, ಇಲ್ಲಾಂದ್ರ ಸಂಘ ಕಟ್ಟಿ ಏನ ಮಾಡೂದೈತಿ?” ಅಂದರು. ಬೆಂಚು ಹಾಕಿದರೆ ಬಾಡಿಗೆ ಏರುವ ಭಯ ಅವರಿಗೆ.

ಎಲ್ಲರದೂ ಆದ ನೆಲ ಪ್ರತಿ ಊರಿನಲ್ಲಿ ಒಂದಷ್ಟು ಇದೆ. ಪಂಚಾಯ್ತಿಯ ಜಾಗ ಇದೆ. ಗ್ರಾಮ ಪಂಚಾಯ್ತಿ ಗ್ರಂಥಾಲಯಗಳಿಗೆ ‘ಅರಿವು ಕೇಂದ್ರ’ ಅಂತ ಹೆಸರು ಬಂದಿದೆ. ಅಲ್ಲಿ ಪೇಪರ್ ಬರುತ್ತದೆ, ಆದರೆ ಮಾತಾಡಿದರೆ “ಸದ್ದ ಮಾಡಬ್ಯಾಡ್ರಿ” ಅನ್ನುತ್ತಾರೆ. ಅದರ ಹೊರಗೋಡೆಗೆ ನೆರಳು ಮಾಡಿ ನಾಲ್ಕು ಬೆಂಚು ಹಾಕಿ, ಸ್ತ್ರೀಶಕ್ತಿ ಸಂಘಕ್ಕೆ ಚಹಾ ಮಾಡುವ ಅವಕಾಶ ಕೊಟ್ಟರೆ ಏನಾಗುತ್ತದೆ? ಬಾಡಿಗೆ ಕೇಳುವ ಮಾಲೀಕ ಇಲ್ಲ. ಚಹಾದ ದುಡ್ಡು ಊರಿನ ಹೆಣ್ಣುಮಕ್ಕಳ ಕೈಗೆ. ಹೆಣ್ಣುಮಕ್ಕಳೇ ನಡೆಸುವ ಅಂಗಡಿಯ ಬೆಂಚಿಗೆ ಹೆಣ್ಣುಮಕ್ಕಳು ಬಂದಾರು. ಕಪ್ ಎಲ್ಲರಿಗೂ ಒಂದೇ. ಒಳಗಿನ ಪೇಪರ್ ಹೊರಗೆ ಬಂದರೆ ನಾಲ್ಕು ಮಂದಿ ಹಾಳೆ ಹಂಚಿಕೊಂಡು ಓದುತ್ತಾರೆ, ಜಗಳ ಆಡುತ್ತಾರೆ. ಆಡಲಿ.

ಇದಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಒಬ್ಬರು ಎದ್ದು ನಿಂತು ಕೇಳಬೇಕು, ಠರಾವು ಪುಸ್ತಕದಲ್ಲಿ ಬರೆಸಬೇಕು. ನಾನು ಹೋಗುವ ಊರುಗಳಲ್ಲಿ ಇಬ್ಬರು ಮೂವರು ಪಂಚಾಯ್ತಿ ಸದಸ್ಯರ ಮುಂದೆ ಈ ಮಾತು ಇಟ್ಟಿದ್ದೇನೆ. ಒಬ್ಬರು ನಕ್ಕರು. ಒಬ್ಬರು ನೋಡೂಣು ಅಂದರು. ಹುಕ್ಕೇರಿ ತಾಲೂಕಿನ ಒಬ್ಬ ಸದಸ್ಯೆ ಮಾತ್ರ, “ಬೆಂಚ್ ಎಷ್ಟ ಬೇಕಾಗ್ತಾವ್ರಿ?” ಅಂತ ಕೇಳಿ, ಕೈಯಲ್ಲಿದ್ದ ಡೈರಿ ತೆಗೆದರು.